ಇರುವೆ ತಿಂದು ಬದುಕುವವರು

ಕೇಳುಗರಿಗೆ ನಮಸ್ಕಾರ. ಉಡುಪಿ, ಕಾರ್ಕಳ, ಮೂಡುಬಿದಿರೆ ಕಡೆ ತೋಟ ಇರುವವರು ನಾಳೆ ಬಿಸಿಲು ಏರಿದ ಮೇಲೆ ಒಂದು ಅಡಿಕೆ ಮರದ ಎದುರು ಸುಮ್ನೆ ನಿಂತುಕೊಳ್ಳಿ. ಇರುವೆ ಸಾಲು ಹತ್ತಿ ಇಳಿಯುವ ಮರ ಆದರೆ ಒಳ್ಳೆಯದು. ಮೊದಲಿಗೆ ಏನೂ ಕಾಣುವುದಿಲ್ಲ. ಆಮೇಲೆ ಕಾಂಡದ ಮೇಲೆ ಹಳದಿ ಬಣ್ಣದ್ದೇನೋ ಫಕ್ಕನೆ ಹೊರಬಂದು ಮಾಯವಾಗುತ್ತದೆ. ಅದು ಗಂಡು ಹಾರುವ ಓತಿಯ ಗಂಟಲಿನ ತೊಗಲು. ಹೆಣ್ಣನ್ನು ಕರೆಯುವುದಕ್ಕೂ ಅದೇ, ಇನ್ನೊಂದು ಗಂಡನ್ನು ಬೆದರಿಸುವುದಕ್ಕೂ ಅದೇ. ತೊಗಲು ಮಡಚಿತೋ, ತೊಗಟೆ ಯಾವುದು, ಓತಿ ಯಾವುದು ಗೊತ್ತಾಗುವುದಿಲ್ಲ. ಬಾಲ ಸೇರಿ ಗೇಣುದ್ದದ ಪ್ರಾಣಿ ಅಷ್ಟೆ.

ಇದರ ಊಟ ಹೆಚ್ಚಾಗಿ ಇರುವೆ. ಬೆನ್ನಟ್ಟುವ ಕೆಲಸ ಇಲ್ಲ. ಸಾಲಿನ ಪಕ್ಕ ಕಾಂಡಕ್ಕೆ ಅಂಟಿ ಕೂರುತ್ತದೆ, ಹತ್ತಿರ ಬಂದದ್ದನ್ನು ನಾಲಿಗೆಯಲ್ಲಿ ಎತ್ತಿಕೊಳ್ಳುತ್ತದೆ. ಇಲ್ಲಿ ಇರುವೆ ಕಡಿಮೆಯಾದರೆ ಪಕ್ಕದ ಮರಕ್ಕೆ ಹೋಗಬೇಕು. ನೆಲಕ್ಕಿಳಿದು ಹೋಗೋಣ ಅಂದರೆ ಹಾವು, ಬೆಕ್ಕು, ಕೆಂಬೂತ ಎಲ್ಲ ಇರುತ್ತವೆ, ಅಲ್ವಾ? ಹಾಗಾಗಿ ಗಾಳಿಯ ದಾರಿ.

ಹಕ್ಕಿಗೆ ಮುಂಗಾಲೇ ರೆಕ್ಕೆ. ಇದಕ್ಕೆ ಪಕ್ಕೆಲುಬು! ಐದಾರು ಜೊತೆ ಪಕ್ಕೆಲುಬು ಉದ್ದ ಬೆಳೆದಿವೆ, ಅವುಗಳ ನಡುವೆ ತೆಳ್ಳನೆ ಚರ್ಮ. ಬೇಡವಾದಾಗ ಮೈಗೆ ಒತ್ತಿ ಮಡಚಿಡಬಹುದು. ಬಡಿಯಲು ಬರುವುದಿಲ್ಲ, ಮೇಲಿನಿಂದ ಓರೆಯಾಗಿ ತೇಲಿ ಮುಂದಿನ ಮರದ ಕೆಳಗಿನ ಭಾಗಕ್ಕೆ ತಲುಪಿ, ಮತ್ತೆ ಮೇಲಕ್ಕೆ ಹತ್ತುತ್ತದೆ. ನಮ್ಮ ಪಶ್ಚಿಮ ಘಟ್ಟದ ಈ ಓತಿಯನ್ನೇ ನೋಡಿ ಬರೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೆಗೆದ ಮೇಲೆ ಅದು ಎರಡೂ ಮುಂಗಾಲುಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಅಂಚನ್ನು ಹಿಡಿದುಕೊಳ್ಳುತ್ತದೆ. ಕಾಂಡ ಹತ್ತಿರವಾದಾಗ ಬಿಟ್ಟು ಕಾಲು ಮುಂದೆ ಚಾಚುತ್ತದೆ. ಇಷ್ಟು ವರ್ಷ ನಮ್ಮ ತಲೆಯ ಮೇಲೆಯೇ ನಡೆಯುತ್ತಿದ್ದ ಸಂಗತಿ ಇದು, ನೋಡಿ.

ಹೆಣ್ಣಿಗೆ ಮಾತ್ರ ನೆಲ ತಪ್ಪಿದ್ದಲ್ಲ. ಮೊಟ್ಟೆ ಇಡಲು ಇಳಿದು ಬರಬೇಕು. ಮೂತಿಯಲ್ಲಿ ಮಣ್ಣು ತೋಡಿ, ಮೊಟ್ಟೆ ಇಟ್ಟು, ಮುಚ್ಚಿ ಮತ್ತೆ ಮರ ಹತ್ತುತ್ತದೆ.

ಓತಿ ಮಲಗಿದ ಮೇಲೆ ಇದೇ ಇರುವೆಗಳಿಗೆ ಇನ್ನೊಬ್ಬ ಗಿರಾಕಿ ಉಂಟು, ಚಿಪ್ಪುಹಂದಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಉಗುರಿನಿಂದ ಹುತ್ತ ಒಡೆದು, ಉದ್ದನೆಯ ಅಂಟು ನಾಲಿಗೆ ತೂರಿಸಿ ಗೆದ್ದಲು ಎಳೆಯುತ್ತದೆ. ನುಂಗಿದ ಸಣ್ಣ ಕಲ್ಲುಗಳು ಹೊಟ್ಟೆಯಲ್ಲಿ ಅರೆಯುವ ಕೆಲಸ ಮಾಡುತ್ತವೆ. ಮರಿ ತಾಯಿಯ ಬಾಲದ ಬುಡದಲ್ಲಿ ಕೂತು ತಿರುಗುತ್ತದೆ. ಅಪಾಯ ಕಂಡರೆ ಉಂಡೆಯಾಗುತ್ತದೆ. ಚಿರತೆಗೂ ಬಿಡಿಸಲು ಕಷ್ಟ. ಮನುಷ್ಯನೋ, ಬಿದ್ದ ತೆಂಗಿನಕಾಯಿ ಹೆಕ್ಕಿದ ಹಾಗೆ ಹೆಕ್ಕಿ ಚೀಲಕ್ಕೆ ಹಾಕುತ್ತಾನೆ! ಆ ಚಿಪ್ಪಿನಲ್ಲಿ ಇರುವುದು ನಮ್ಮ ಉಗುರಿನಲ್ಲಿರುವ ವಸ್ತುವೇ. ಅದಕ್ಕಾಗಿ ಕೊಲ್ಲುವುದು ಶುದ್ಧ ದಡ್ಡತನ, ಜೊತೆಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ದೊಡ್ಡ ಅಪರಾಧ.

ದಾರಿ ತಪ್ಪಿ ಅಂಗಳಕ್ಕೆ ಬಂದರೆ ಕೈ ಹಾಕಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಓತಿಗೆ ಫೋನೂ ಬೇಡ, ಮರದ ಬುಡಕ್ಕೆ ಇರುವೆ ಪುಡಿ ಎರಚದಿದ್ದರೆ ಸಾಕು. ನಮಸ್ಕಾರ.