ಭಾರ ಬಿದ್ದಾಗ ಎಡವುವ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಕಂಪ್ಯೂಟರ್ ದಿನವಿಡೀ ಚೆನ್ನಾಗಿಯೇ ಇರುತ್ತದೆ. ಪತ್ರ ಟೈಪ್ ಮಾಡಿ, ಇಂಟರ್ನೆಟ್ ನೋಡಿ, ಏನೂ ತಕರಾರಿಲ್ಲ. ಒಂದು ದೊಡ್ಡ ವಿಡಿಯೊ ರೆಂಡರ್‌ಗೆ, ಅಂದರೆ ಅಂತಿಮ ಫೈಲ್ ತಯಾರಿಸಲು, ಹಾಕಿದಿರೋ, ಇಪ್ಪತ್ತನೇ ನಿಮಿಷಕ್ಕೆ ನೀಲಿ ಪರದೆ. ಇಲ್ಲವೇ ಹೇಳದೆ ಕೇಳದೆ ರೀಸ್ಟಾರ್ಟ್. ಆಗ ಹೆಚ್ಚಿನವರು ಏನು ಮಾಡುತ್ತಾರೆ? ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ. ಅದೇ ದಿನ ರ‍್ಯಾಮ್ ಬದಲಿಸುತ್ತಾರೆ, ಫ್ಯಾನ್ ಬದಲಿಸುತ್ತಾರೆ, ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ನಾಲ್ಕು ಕಡೆ ಕೈಯಾಡಿಸುತ್ತಾರೆ. ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಿಲ್ಲ. ಸರಿಹೋಗದಿದ್ದರೆ ಹಳೆಯ ತೊಂದರೆ ಯಾವುದು, ತಾವೇ ತಂದುಕೊಂಡದ್ದು ಯಾವುದು ಎಂದೂ ಗೊತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿದ ಮೇಲೆ ಅದೇ ಕೆಲಸವನ್ನು ಮತ್ತೆ ಕೊಡಿ. ಏನಾಯಿತೆಂದು ಬರೆದುಕೊಳ್ಳಿ. ಆಮೇಲೆ ಮುಂದಿನದು.

ಭಾರ ಬಿದ್ದಾಗಲೇ ಯಾಕೆ ಕೆಡುತ್ತದೆ? ಪ್ರೊಸೆಸರ್‌ಗೆ ಸಿಗುವುದು ಸುಮಾರು ಒಂದು ವೋಲ್ಟ್, ಸ್ವಲ್ಪ ಹೆಚ್ಚು ಕಡಿಮೆ. ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಎಲ್ಲ ಕೋರ್‌ಗಳಲ್ಲೂ ದುಡಿಯುವಾಗ ನೂರು, ಇನ್ನೂರು ವ್ಯಾಟ್ ಎಳೆಯುತ್ತದೆ. ಒಂದು ವೋಲ್ಟ್‌ನಲ್ಲಿ ನೂರು ವ್ಯಾಟ್ ಎಂದರೆ ನೂರು ಆಂಪಿಯರ್. ಅಷ್ಟು ಕರೆಂಟ್ ಹರಿಯುವಾಗ ವೋಲ್ಟೇಜ್ ತುಸು ಕುಸಿಯುತ್ತದೆ. ಕುಸಿದರೆ ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳು ನಿಧಾನವಾಗುತ್ತವೆ, ಕ್ಲಾಕ್‌ನ ಒಂದು ಮಿಡಿತ ಮುಗಿಯುವುದರೊಳಗೆ ಉತ್ತರ ತಲುಪುವುದಿಲ್ಲ. ಒಂದು ಬಿಟ್ ತಪ್ಪಿತು. ಅಷ್ಟು ಸಾಕು.

ಲಕ್ಷಣ ನೋಡಿ ಗುರುತಿಸಿ. ಕೆಲಸ ನಿಧಾನವಾಯಿತೇ? ಮೊದಲ ಅನುಮಾನ ಬಿಸಿಯ ಮೇಲೆ. ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೂಲರ್‌ನ ಧೂಳು ತೆಗೆಯಿರಿ, ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಿಸಿ ಸಾಗಿಸುವ ಹಳೆಯ ಪೇಸ್ಟ್ ಒರೆಸಿ ಬಟಾಣಿ ಗಾತ್ರದಷ್ಟು ಹೊಸದು ಹಾಕಿ. ನೀಲಿ ಪರದೆಯೂ ಇಲ್ಲದೆ ದಿಢೀರನೆ ಆರಿತೇ? ಮೊದಲು ಪವರ್ ಸಪ್ಲೈ ನೋಡಿ, ಪ್ರೊಸೆಸರ್ ಪಕ್ಕದ ಎಂಟು ಪಿನ್ನಿನ ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಿ. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಕಾಣುತ್ತದೆ. ಅದು ಕಾರಣ ಹೇಳುವುದಿಲ್ಲ, ಯಂತ್ರ ಸರಿಯಾಗಿ ಮುಚ್ಚದೆ ಆರಿತು ಎಂದಷ್ಟೇ ಹೇಳುತ್ತದೆ. ಇನ್ನು ನೀಲಿ ಪರದೆ ಬಂದರೆ, ಜಿಪ್ ಬಿಚ್ಚುವಾಗ ಫೈಲ್ ಕೆಟ್ಟಿದೆ ಎಂದರೆ, ಪ್ರೋಗ್ರಾಂ ತಾನಾಗಿ ಮುಚ್ಚಿಕೊಂಡರೆ, ಮೊದಲ ಅನುಮಾನ ಮೆಮೊರಿಯ, ಅಂದರೆ ರ‍್ಯಾಮ್‌ನ ಮೇಲೆ, ಇಲ್ಲವೇ ವೋಲ್ಟೇಜ್ ಮೇಲೆ.

ಒಂದೊಂದನ್ನೇ ತೆಗೆದು ನೋಡುವುದು ಎಂದರೇನು ಎನ್ನುವುದಕ್ಕೆ ಒಂದು ಪ್ರಸಂಗ ಹೇಳಲೇಬೇಕು. 1994. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತ ಪ್ರಾಧ್ಯಾಪಕರಿದ್ದರು. ಎರಡರ ಅಂತರದಲ್ಲಿ ಬರುವ ಜೋಡಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಅವರ ಕೆಲಸ. ಒಂದನ್ನು ಆ ಸಂಖ್ಯೆಗಳಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡಿಸುತ್ತಾ ಹೋಗುವುದು. ಹಲವು ಕಂಪ್ಯೂಟರ್‌ಗಳು ಈ ಲೆಕ್ಕ ಹಾಕುತ್ತಿದ್ದವು. ಅವುಗಳ ಜೊತೆಗೆ ಇಂಟೆಲ್ ಕಂಪನಿಯ ಪೆಂಟಿಯಂ ಪ್ರೊಸೆಸರ್ ಇದ್ದ ಒಂದು ಹೊಸ ಯಂತ್ರ ಬಂತು. ಜೂನ್ 13ರಂದು ನೋಡಿದರೆ ಲೆಕ್ಕ ತಾಳೆಯಾಗುತ್ತಿಲ್ಲ.

ಅವರು ಏನು ಮಾಡಿದರು ಗಮನಿಸಿ. ಪ್ರೊಸೆಸರ್ ಕೆಟ್ಟಿದೆ ಎಂದು ಕೂಗಲಿಲ್ಲ. ನನ್ನ ಪ್ರೋಗ್ರಾಂನಲ್ಲೇ ತಪ್ಪಿದೆಯೇ? ಅದನ್ನು ನೋಡಿದರು. ಮದರ್‌ಬೋರ್ಡಿನ ಚಿಪ್‌ಸೆಟ್ಟೇ? ಅದನ್ನೂ ನೋಡಿದರು. ಒಂದೊಂದೇ ಅನುಮಾನವನ್ನು ಬೇರೆ ಮಾಡಿ ಪಕ್ಕಕ್ಕಿಟ್ಟರು. ಕೊನೆಗೆ ತಪ್ಪು ಒಂದೇ ಜಾಗಕ್ಕೆ ಬಂದು ನಿಂತಿತು: 824633702441 ಎಂಬ ಸಂಖ್ಯೆ. ಒಂದನ್ನು ಇದರಿಂದ ಭಾಗಿಸಿ, ಬಂದದ್ದನ್ನು ಇದರಿಂದಲೇ ಗುಣಿಸಿದರೆ ಮತ್ತೆ ಒಂದು ಬರಬೇಕು ತಾನೇ? ಪೆಂಟಿಯಂ ಕೊಟ್ಟದ್ದು 0.999999996274709702. ಅಕ್ಟೋಬರ್ 19ಕ್ಕೆ ಅವರಿಗೆ ಖಚಿತವಾಯಿತು. ನಾಲ್ಕು ತಿಂಗಳು! 24ಕ್ಕೆ ಇಂಟೆಲ್‌ಗೆ ತಿಳಿಸಿದರು, 30ಕ್ಕೆ ಬೇರೆಯವರಿಗೂ ಇಮೇಲ್ ಬರೆದರು. ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಅಚ್ಚಾಗಿದ್ದ ಕೋಷ್ಟಕದಲ್ಲಿ ಕೆಲವು ಮನೆಗಳು ಬಿಟ್ಟುಹೋಗಿದ್ದವು. ಡಿಸೆಂಬರ್‌ನಲ್ಲಿ ಇಂಟೆಲ್ ಕೇಳಿದವರಿಗೆಲ್ಲ ಪ್ರೊಸೆಸರ್ ಬದಲಿಸಿಕೊಡಲು ಒಪ್ಪಿತು. ಅದಕ್ಕೆ ಕಂಪನಿ ತೋರಿಸಿದ ಖರ್ಚು 47 ಕೋಟಿ 50 ಲಕ್ಷ ಡಾಲರ್. ಅದು ಭಾರದಿಂದ ಹುಟ್ಟಿದ ತಪ್ಪಲ್ಲ, ವಿನ್ಯಾಸದ ತಪ್ಪು. ಆದರೆ ಹುಡುಕಿದ ದಾರಿ ಇದೆಯಲ್ಲ, ನಿಮಗೆ ಬೇಕಾದದ್ದು ಅದೇ. ಒಂದು ಸಲಕ್ಕೆ ಒಂದೇ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳಿಬಿಡುತ್ತೇನೆ.

ಮೊದಲ ಹೆಜ್ಜೆಗೆ ಖರ್ಚಿಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ಮೆಮೊರಿಯ ವೇಗ ಏರಿಸುವ ಸೆಟ್ಟಿಂಗನ್ನು ಆಫ್ ಮಾಡಿ. ರ‍್ಯಾಮ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ವೇಗ ಹಲವು ಸಲ ಓವರ್‌ಕ್ಲಾಕ್ ಮಾಡಿದ, ಅಂದರೆ ಗೊತ್ತುಪಡಿಸಿದ್ದಕ್ಕಿಂತ ಏರಿಸಿದ ವೇಗ. ಡಿಡಿಆರ್4 ಎಂಬ ಬಗೆಯ ಮೆಮೊರಿಗೆ ಗೊತ್ತುಪಡಿಸಿದ್ದು 1.2 ವೋಲ್ಟ್, ಎಕ್ಸ್‌ಎಂಪಿ ಅದಕ್ಕೆ ಸಾಮಾನ್ಯವಾಗಿ 1.35 ಕೊಡುತ್ತದೆ. ಆಫ್ ಮಾಡಿ, ಅದೇ ವಿಡಿಯೊ ರೆಂಡರ್ ಮಾಡಿ. ಬೇರೆ ಏನನ್ನೂ ಮುಟ್ಟಬೇಡಿ! ಎಂದೋ ಮಾಡಿ ಮರೆತ ಅಂಡರ್‌ವೋಲ್ಟ್, ಅಂದರೆ ಪ್ರೊಸೆಸರ್‌ನ ವೋಲ್ಟೇಜ್ ತಗ್ಗಿಸಿದ ಸೆಟ್ಟಿಂಗ್, ಇದ್ದರೆ ಅದನ್ನು ಎರಡನೇ ಹೆಜ್ಜೆಯಾಗಿ ತೆಗೆಯಿರಿ, ಮೊದಲನೆಯದರ ಜೊತೆಗಲ್ಲ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಬಯೋಸ್ ಅಪ್‌ಡೇಟ್ ಮಾಡಲೇಬೇಕು. ವೋಲ್ಟೇಜ್ ಮಿತಿಮೀರಿ ಚಿಪ್ ಸವೆಯುತ್ತಿದ್ದುದಕ್ಕೆ 2024ರಲ್ಲಿ ಹೊಸ ಮೈಕ್ರೋಕೋಡ್, ಅಂದರೆ ಪ್ರೊಸೆಸರ್‌ನ ಒಳಗೇ ಓಡುವ ಆದೇಶಗಳು, ಬಂದಿದೆ. ಅದು ಮುಂದಿನ ಸವೆತವನ್ನು ತಡೆಯುತ್ತದೆ, ಆಗಿಹೋದದ್ದನ್ನು ಸರಿಪಡಿಸುವುದಿಲ್ಲ. ಆ ಚಿಪ್‌ಗಳಲ್ಲಿ ಆಟಗಳು ಶುರುವಾಗುವಾಗ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿಯೇ ಇತ್ತು, ಎಡವುತ್ತಿದ್ದದ್ದು ಪ್ರೊಸೆಸರ್. ಪರದೆಯ ಮೇಲಿನ ಸಂದೇಶ ನಂಬಿ ಕಾರ್ಡ್ ಕೊಳ್ಳಲು ಓಡಬೇಡಿ.

ಮುಂದಿನದು ಪ್ರೈಮ್95 ಎಂಬ ಉಚಿತ ಪ್ರೋಗ್ರಾಂ. ಟಾರ್ಚರ್ ಟೆಸ್ಟ್‌ನಲ್ಲಿ ಮೊದಲು ಸ್ಮಾಲ್ ಎಫ್‌ಎಫ್‌ಟಿ, ಇದು ಪ್ರೊಸೆಸರ್‌ನ ಕೋರ್‌ಗಳನ್ನು ದುಡಿಸುತ್ತದೆ. ಆಮೇಲೆ ಬ್ಲೆಂಡ್, ಇದು ಮೆಮೊರಿಯನ್ನೂ ಸೇರಿಸುತ್ತದೆ. ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂದು ನಿಂತರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಇಲ್ಲಿ ಉತ್ತರ ಪೂರ್ಣಾಂಕದ ಹತ್ತಿರವೇ ಬರಬೇಕು, ಎರಡು ಪೂರ್ಣಾಂಕಗಳ ನಟ್ಟನಡುವೆ ಬಂದರೆ ಯಾವ ಕಡೆಗೆ ಸೇರಿಸುವುದು? ಸ್ಮಾಲ್ ಎಫ್‌ಎಫ್‌ಟಿ ದಾಟಿ ಬ್ಲೆಂಡ್‌ನಲ್ಲಿ ಬಿದ್ದರೆ ಮೆಮೊರಿಯ ಕಡೆ ಹೋಗಿ.

ಮೆಮೊರಿಗೆ ಮೆಮ್‌ಟೆಸ್ಟ್86. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಾತ್ರಿ ಹಾಕಿ ಮಲಗಿ, ನಾಲ್ಕು ಸುತ್ತು ಮುಗಿಯಲಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಆಗ ಯಂತ್ರ ಆರಿಸಿ, ಪ್ಲಗ್ ಕಿತ್ತು, ಒಂದು ರ‍್ಯಾಮ್ ಸ್ಟಿಕ್ ಮಾತ್ರ ಉಳಿಸಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಸ್ಟಿಕ್, ಅದೇ ಸ್ಲಾಟ್‌ನಲ್ಲಿ. ತಪ್ಪು ಒಂದು ಸ್ಟಿಕ್‌ನಲ್ಲಿ ಮಾತ್ರ ಬಂದರೆ ಆ ಸ್ಟಿಕ್ ಕೆಟ್ಟಿದೆ. ಎರಡರಲ್ಲೂ ಬಂದರೆ ಸ್ಟಿಕ್‌ಗಳನ್ನು ಬಿಡಿ, ಸ್ಲಾಟ್ ಬದಲಿಸಿ ಮತ್ತೊಂದು ರಾತ್ರಿ ಹಾಕಿ.

ನಮಸ್ಕಾರ.