ಕೆಂಪು ಮದುವೆ ಮತ್ತು ಗಂಟೆಯ ಸದ್ದು: ನೋಡುಗರ ಎರಡು ಬಗೆಯ ಸಂಕಟ

(ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

2013ರ ಜೂನ್ 2ರ ರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೂರನೇ ಸೀಸನ್ನಿನ ಒಂಬತ್ತನೇ ಕಂತು ಪ್ರಸಾರವಾಯಿತು. ಕಂತಿನ ಹೆಸರು ‘ದಿ ರೇನ್ಸ್ ಆಫ್ ಕ್ಯಾಸ್ಟಮೀರ್’. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ರೆಡ್ ವೆಡ್ಡಿಂಗ್’, ಕೆಂಪು ಮದುವೆ. ಅದಾದ ಒಂದೆರಡು ದಿನಗಳಲ್ಲೇ ಯೂಟ್ಯೂಬ್ ತುಂಬ ವಿಚಿತ್ರ ವಿಡಿಯೊಗಳು ಓಡಾಡತೊಡಗಿದವು. ಅವುಗಳಲ್ಲಿ ಕಾಣುವುದು ಕಥೆಯಲ್ಲ, ಕಥೆ ನೋಡುತ್ತಿರುವವರ ಮುಖ. ಬಾಯಿಗೆ ಕೈ ಅಡ್ಡ ಹಿಡಿದು ಕೂತವರು, ಸೋಫಾದಿಂದ ಎದ್ದು ಟಿವಿಗೇ ಬೈಯುವವರು, ದಿಂಬಿನಲ್ಲಿ ಮುಖ ಮುಚ್ಚಿಕೊಂಡವರು. ಇದನ್ನೆಲ್ಲ ಕದ್ದು ಚಿತ್ರೀಕರಿಸಿದವರು ಅವರವರ ಮನೆಯವರೇ, ಗೆಳೆಯರೇ. ಅವರು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಓದಿದ್ದರು. ಈ ಪ್ರಸಂಗ ಇರುವ ಮೂರನೇ ಸಂಪುಟ 2000ದಲ್ಲೇ ಅಚ್ಚಾಗಿತ್ತು. ಏನಾಗುತ್ತದೆಂದು ಗೊತ್ತಿದ್ದೂ ಬಾಯಿ ಬಿಡದೆ ಈ ರಾತ್ರಿಗಾಗಿ ಕಾದಿದ್ದರು.

ಆ ವಿಡಿಯೊಗಳನ್ನು ನೋಡಿ, ‘ಒಂದು ಕಟ್ಟುಕಥೆಗೆ ಇಷ್ಟೊಂದು ಗೋಳಾಟವೇ, ಮಾಡಲು ಬೇರೆ ಕೆಲಸವಿಲ್ಲವೇ’ ಎಂದವರಿದ್ದಾರೆ. ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಕೆಲವರು ಮನೆಯಲ್ಲಿ ಇದೇ ಮಾತು ಆಡಿರಬಹುದು. ಇವತ್ತು ಆ ಮಾತಿಗೆ ಉತ್ತರ ಕೊಡಬೇಕೆಂದೇ ಬಂದಿದ್ದೇನೆ. ನೋಡುಗನ ಅಳುವನ್ನೂ ಸಿಟ್ಟನ್ನೂ ನಾನು ವಿಮರ್ಶೆಯೆಂದೇ ಪರಿಗಣಿಸುತ್ತೇನೆ. ಕಥೆ ತಾನೇ ಹಾಕಿಕೊಂಡ ಕಟ್ಟಳೆಗೆ ಬದ್ಧವಾಗಿದೆಯೋ ಇಲ್ಲವೋ ಎಂಬುದನ್ನು ನೋಡುಗ ತನ್ನ ಕರುಳಿನಿಂದ ಅಳೆಯುತ್ತಾನೆ. 2013ರಲ್ಲಿ ಒಂದು ಕಂತು ನೋಡುಗರನ್ನು ನುಚ್ಚುನೂರು ಮಾಡಿತು, ಆದರೂ ಅವರು ಕಥೆಯನ್ನು ಬಿಡಲಿಲ್ಲ. 2019ರಲ್ಲಿ ಇನ್ನೊಂದು ಕಂತು ಅವರನ್ನು ಅಷ್ಟೇ ನೋಯಿಸಿತು, ಆಗ ಅವರು ಕಥೆಯ ಮೇಲೇ ತಿರುಗಿ ಬಿದ್ದರು. ಇವೆರಡರ ನಡುವಿನ ವ್ಯತ್ಯಾಸವೇ ನನ್ನ ವಿಷಯ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ರಾಬ್ ಸ್ಟಾರ್ಕ್ ಉತ್ತರ ಸೀಮೆಯ ಎಳೆಯ ನಾಯಕ. ತಂದೆಯನ್ನು ಸೆರೆ ಹಿಡಿದವರ ಮೇಲೆ ದಂಡೆತ್ತಿ ಹೋಗುವಾಗ ಒಂದು ಹೊಳೆ ದಾಟಬೇಕಾಗುತ್ತದೆ. ಸೇತುವೆ ಇರುವುದು ವಾಲ್ಡರ್ ಫ್ರೇ ಎಂಬ ಮುದುಕನ ಕೈಯಲ್ಲಿ. ‘ನನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮದುವೆಯಾಗು, ದಾರಿ ಬಿಡುತ್ತೇನೆ’ ಎನ್ನುತ್ತಾನೆ ಅವನು. ರಾಬ್ ಒಪ್ಪುತ್ತಾನೆ. ಮುಂದೆ ಯುದ್ಧಭೂಮಿಯಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದ ತಲೀಸಾಳನ್ನು ಪ್ರೀತಿಸಿ ಅವಳನ್ನೇ ಮದುವೆಯಾಗುತ್ತಾನೆ. ಮಾತು ಮುರಿಯಿತು. ತಪ್ಪು ಸರಿಪಡಿಸಲು, ತನ್ನ ಬದಲು ಸೋದರಮಾವ ಎಡ್ಮ್ಯೂರ್‌ನನ್ನು ಫ್ರೇ ಮನೆಯ ಹುಡುಗಿಗೆ ಕೊಟ್ಟು ಮದುವೆ ಮಾಡಿಸಲು ತಾಯಿ ಕ್ಯಾಟ್ಲಿನ್ ಜೊತೆ ಬರುತ್ತಾನೆ. ಬಂದವರಿಗೆ ಮುದುಕ ರೊಟ್ಟಿ, ಉಪ್ಪು ಕೊಡುತ್ತಾನೆ. ಆ ಲೋಕದಲ್ಲಿ ಒಂದು ಮನೆಯ ರೊಟ್ಟಿ ಉಪ್ಪು ತಿಂದ ನೆಂಟನ ಕೂದಲೂ ಕೊಂಕಬಾರದು, ಅದು ದೇವರ ಮುಂದೆ ಇಟ್ಟ ಆಣೆ. ಊಟ, ಕುಡಿತ, ನಗು ಎಲ್ಲ ಆದ ಮೇಲೆ ಬಾಗಿಲು ಮುಚ್ಚುತ್ತದೆ. ಬಸುರಿ ಹೆಂಡತಿ, ರಾಬ್, ಕೊನೆಗೆ ತಾಯಿ, ಮೂವರೂ ಅಲ್ಲೇ ಹತರಾಗುತ್ತಾರೆ. ಹೆಸರುಗಳು ಮೇಲೇರುವಾಗ ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ.

ಈ ದೃಶ್ಯ ಕೊಡಗಿನವರಿಗೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ತಟ್ಟಬೇಕು. ನಮ್ಮಲ್ಲಿ ಮದುವೆಗೆ ಆಯುಧ ಬರುತ್ತದೆ, ಆದರೆ ಎಲ್ಲರ ಕಣ್ಣೆದುರಿಗೇ ಬರುತ್ತದೆ. ಕುಪ್ಪಸ ತೊಟ್ಟ ಕೊಡವ ವರನ ಸೊಂಟದಲ್ಲಿ ಪೀಚೆಕತ್ತಿ ಹೊಳೆಯುತ್ತಿರುತ್ತದೆ. ಬಾಳೆ ಕಡಿಯುವ ಶಾಸ್ತ್ರದಲ್ಲಿ ಒಡಿಕತ್ತಿಯಿಂದ ನೆಟ್ಟ ಬಾಳೆ ದಿಂಡುಗಳನ್ನು ನೆಂಟರೆಲ್ಲ ನೋಡುತ್ತಿರುವಂತೆ ಕಡಿಯುತ್ತಾರೆ. ಆ ಕತ್ತಿ ಮರ್ಯಾದೆಯದು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ವಾಲ್ಡರ್ ಫ್ರೇಯ ಚಾವಡಿಯಲ್ಲಿ ಏನಾಗುತ್ತದೆ ನೋಡಿ. ಕ್ಯಾಟ್ಲಿನ್ ತನ್ನ ಪಕ್ಕ ಕೂತ, ಮಗನದೇ ಕಡೆಯ ಸರದಾರ ರೂಸ್ ಬೋಲ್ಟನ್‌ನ ತೋಳನ್ನು ಮುಟ್ಟಿ, ಬಟ್ಟೆ ಸರಿಸುತ್ತಾಳೆ. ಒಳಗೆ ಕಬ್ಬಿಣದ ಕವಚ. ಮದುವೆ ಊಟಕ್ಕೆ ಬಂದವನು ಬಟ್ಟೆಯ ಒಳಗೆ ಕವಚ ತೊಟ್ಟಿದ್ದಾನೆ. ಅಷ್ಟು ಸಾಕು, ಅವಳಿಗೂ ನಮಗೂ ಒಂದೇ ಕ್ಷಣದಲ್ಲಿ ಎಲ್ಲವೂ ಅರ್ಥವಾಗುತ್ತದೆ. ಅದಕ್ಕೂ ಮೊದಲೇ ಅವಳ ಕಿವಿ ಎಚ್ಚೆತ್ತಿರುತ್ತದೆ, ಯಾಕೆಂದರೆ ಮಹಡಿಯ ಮೇಲಿನ ವಾದ್ಯದವರು ಹಾಡು ಬದಲಿಸಿದ್ದಾರೆ. ನಮ್ಮ ವಾಲಗದವರು ಮದುವೆಗೆ ಬಾರಿಸುವ ಮಟ್ಟೇ ಬೇರೆ, ಸಾವಿಗೆ ಬಾರಿಸುವ ಮಟ್ಟೇ ಬೇರೆ. ಮದುವೆ ಮನೆಯಲ್ಲಿ ಕೂತಿದ್ದಾಗ ಸಾವಿನ ಮಟ್ಟು ಕೇಳಿಸಿದರೆ ನಿಮ್ಮ ಮೈ ಹೇಗಾದೀತು? ಕ್ಯಾಟ್ಲಿನ್‌ಗೆ ಆದದ್ದು ಅದೇ.

ಇನ್ನು ನಾನು ಹೇಳಬೇಕಾದ ಮುಖ್ಯ ಮಾತು. ಈ ಕಂತು ನೋಡುಗರ ಮೇಲೆ ಸಿಡಿಲಿನಂತೆ ಎರಗಿತು ಎನ್ನುತ್ತಾರೆ. ಎರಗಿದ್ದು ನಿಜ. ಆದರೆ ಮೋಡ ಕಟ್ಟುತ್ತಿದ್ದದ್ದು ಎರಡು ಸೀಸನ್‌ಗಳಿಂದ. ಸೇತುವೆಯ ಒಪ್ಪಂದ ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿದೆ. ಎರಡನೇ ಸೀಸನ್ನಿನಲ್ಲಿ ಮಗ ತಲೀಸಾಳ ಕಡೆ ವಾಲುತ್ತಿರುವುದನ್ನು ಕಂಡು ಫ್ರೇಗೆ ಕೊಟ್ಟ ಮಾತನ್ನು ತಾಯಿ ಅವನಿಗೆ ನೆನಪಿಸುತ್ತಾಳೆ. ಮೂರನೇ ಸೀಸನ್ನಿನ ನಡುವೆ ರಾಬ್ ನ್ಯಾಯದ ಹೆಸರಿನಲ್ಲಿ ತನ್ನದೇ ಕಡೆಯ ಸರದಾರ ಕಾರ್‌ಸ್ಟಾರ್ಕ್‌ನ ತಲೆ ಕಡಿಯುತ್ತಾನೆ, ಅರ್ಧ ಸೈನ್ಯ ಕೈಬಿಡುತ್ತದೆ, ಹಾಗಾಗಿ ಫ್ರೇಗಳ ಬಾಗಿಲು ಮತ್ತೆ ತಟ್ಟದೆ ಬೇರೆ ದಾರಿಯೇ ಉಳಿಯುವುದಿಲ್ಲ. ಇನ್ನು ಆ ಹಾಡು. ರಾಬ್‌ನ ಶತ್ರುಗಳಾದ ಲ್ಯಾನಿಸ್ಟರ್ ಮನೆತನ ತನಗೆ ಎದುರಾದ ಒಂದು ಕುಲವನ್ನೇ ನಿರ್ನಾಮ ಮಾಡಿದ ಕಥೆಯ ಹಾಡು ಅದು. ಎರಡನೇ ಸೀಸನ್ನಿನಿಂದಲೇ ಅಲ್ಲಲ್ಲಿ ಕೇಳಿಸುತ್ತದೆ. ಅದರ ಹಿಂದಿನ ಕಥೆಯನ್ನು ರಾಣಿ ಸರ್ಸಿ ಬಿಡಿಸಿ ಹೇಳುವುದು ಸರಿಯಾಗಿ ಹಿಂದಿನ ಕಂತಿನಲ್ಲಿ. ಅಂದರೆ ನೋಡುಗನ ಕಿವಿಗೆ ಎರಡು ವಾರ ಮುಂಚೆ ಪಾಠ ಹೇಳಿಕೊಟ್ಟು, ಮುಂದಿನ ಕಂತಿನಲ್ಲೇ ಪರೀಕ್ಷೆ ಇಟ್ಟಿದ್ದಾರೆ. ಎಂಥ ಕಟ್ಟುವಿಕೆ! ಎರಡನೇ ಸಲ ನೋಡಿದಾಗ ಒಂದೊಂದು ಕಲ್ಲೂ ತನ್ನ ಜಾಗದಲ್ಲಿ ಕೂತಿರುವುದು ಕಾಣುತ್ತದೆ. ಅದಕ್ಕೇ ಬೈದವರು, ಅತ್ತವರು, ‘ಇನ್ನು ನೋಡುವುದಿಲ್ಲ’ ಎಂದವರು ಮುಂದಿನ ವಾರ ಮತ್ತೆ ಬಂದು ಕೂತರು. ಅನ್ಯಾಯವಾಗಿದ್ದು ರಾಬ್‌ಗೆ, ನಮಗಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮಾರ್ಟಿನ್ ಈ ಅಧ್ಯಾಯವನ್ನು ಬರೆಯಲಾಗದೆ ಮುಂದೂಡಿ, ಪುಸ್ತಕದ ಉಳಿದದ್ದನ್ನೆಲ್ಲ ಮುಗಿಸಿ ಕೊನೆಗೆ ಬರೆದರಂತೆ. ತಾನು ಬರೆದದ್ದರಲ್ಲೇ ಅತ್ಯಂತ ಕಷ್ಟದ್ದು ಇದು ಎಂದು ಅವರೇ ಹೇಳಿದ್ದಾರೆ. ಅವರಿಗೆ ಪ್ರೇರಣೆಯಾದದ್ದು ಸ್ಕಾಟ್ಲೆಂಡಿನ ಇತಿಹಾಸ. 1440ರಲ್ಲಿ ಎಡಿನ್‌ಬರೊ ಕೋಟೆಯಲ್ಲಿ ಹತ್ತು ವರ್ಷದ ಬಾಲರಾಜನ ಜೊತೆ ಊಟಕ್ಕೆಂದು ಕರೆದು ಡಗ್ಲಸ್ ಮನೆತನದ ಹುಡುಗರಿಬ್ಬರನ್ನು ಕೊಂದರು. 1692ರಲ್ಲಿ ಗ್ಲೆನ್ಕೊ ಕಣಿವೆಯಲ್ಲಿ ದಿನಗಟ್ಟಲೆ ಉಂಡು ಮಲಗಿದ ಸೈನಿಕರೇ ತಮಗೆ ಆಶ್ರಯ ಕೊಟ್ಟ ಮ್ಯಾಕ್‌ಡೊನಾಲ್ಡರನ್ನು ಕೊಂದರು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ರಾತ್ರಿ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ನಾವು ಇವತ್ತಿಗೂ ಕ್ಷಮಿಸಿಲ್ಲ. ಹಾಗೆಂದು ಮಹಾಭಾರತವನ್ನು ದೂರವಿಟ್ಟಿಲ್ಲ. ಸುಳ್ಳು ಹೇಳಿ ಅವನ ತಂದೆಯ ಕೈಯಿಂದ ಆಯುಧ ಕೆಳಗಿಡಿಸಿದ್ದನ್ನೂ ಅದೇ ಕಥೆ ಮುಚ್ಚಿಡದೆ ಹೇಳಿದೆ.

ಹಾಗಾದರೆ ಮುಂಚೆ ಗೊತ್ತಿದ್ದರೆ ಮಜಾ ಹೋಗುತ್ತದೆಯೇ? ‘ಸ್ಪಾಯ್ಲರ್ ಕೊಡಬೇಡಿ’ ಎಂದು ಜಗಳವಾಡುವ ಹುಡುಗರಿಗೆ ನಮ್ಮ ದಸರೆಯನ್ನೇ ತೋರಿಸುತ್ತೇನೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ಚಲಿಸುವ ಬೊಂಬೆಗಳ ಕಥಾದೃಶ್ಯಗಳು, ಹೊರಡುತ್ತವೆ. ಅಸುರ ಸಾಯುತ್ತಾನೆಂಬುದು ಹೆಗಲ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ಆ ಚಳಿಯಲ್ಲಿ ಬೆಳಗಿನ ಜಾವದ ತನಕ ನಿಂತು, ದೇವಿ ಹೇಗೆ ಇಳಿದು ಬಂದಳು, ಅಸುರನ ತಲೆ ಹೇಗೆ ತಿರುಗಿತು ಎಂದು ನೋಡುತ್ತೇವೆ. ಬಹುಮಾನ ಘೋಷಣೆಯಾದ ಮೇಲೆ ಯಾವ ಮಂಟಪಕ್ಕೆ ಅನ್ಯಾಯವಾಯಿತೆಂದು ಚಹದಂಗಡಿಗಳಲ್ಲಿ ದಿನಗಟ್ಟಲೆ ವಾದ ನಡೆಯುತ್ತದೆ. ಅಲ್ಲಿ ವಾದಿಸುವವರೆಲ್ಲ ಕೈಕೆಲಸ ಬಲ್ಲ ವಿಮರ್ಶಕರು.

ಈಗ 2019ಕ್ಕೆ ಬರೋಣ. ಆ ಹೊತ್ತಿಗೆ ಹಾಟ್‌ಸ್ಟಾರ್ ಬಂದಿತ್ತು. ಅಮೆರಿಕದ ಭಾನುವಾರ ರಾತ್ರಿಯ ಪ್ರಸಾರ ನಮಗೆ ಸೋಮವಾರ ಬೆಳಿಗ್ಗೆ ಆರೂವರೆಗೇ ಸಿಗುತ್ತಿತ್ತು. ಎಂಟನೇ ಸೀಸನ್ನಿನ ಮೂರನೇ ಕಂತು ‘ದಿ ಲಾಂಗ್ ನೈಟ್’, ಸತ್ತವರ ಸೈನ್ಯದೊಡನೆ ಇಡೀ ರಾತ್ರಿ ನಡೆಯುವ ಯುದ್ಧ. ಚಿತ್ರೀಕರಣಕ್ಕೇ 55 ರಾತ್ರಿ ಹಿಡಿದಿತ್ತು. ನೋಡಿದವರು ಒಂದೇ ದನಿಯಲ್ಲಿ ಕೂಗಿದರು: ‘ಏನೂ ಕಾಣಿಸುತ್ತಿಲ್ಲ!’ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್, ಜನ ಟಿವಿಯನ್ನು ಸರಿಯಾಗಿ ಹೊಂದಿಸಿಕೊಂಡಿಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇಂಟರ್‌ನೆಟ್ ಮೂಲಕ ಬರುವ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ. ಹಾಗೆ ಹಿಂಡುವಾಗ ಮೊದಲು ಪೆಟ್ಟು ಬೀಳುವುದು ಕತ್ತಲೆಯ ನಯವಾದ ಛಾಯೆಗಳಿಗೇ. ಕಪ್ಪಿನೊಳಗಿನ ಕಪ್ಪು ಚೌಕ ಚೌಕವಾಗಿ ಒಡೆಯುತ್ತದೆ. ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಫೋನ್ ಹಿಡಿದು ನಿಲ್ಲುವ ತೋಟದ ಮನೆಯವರಿಗೆ, ಅದೂ ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುತ್ತಿರುವಾಗ, ಆ ಯುದ್ಧ ಕಾಣುವುದಾದರೂ ಹೇಗೆ? ಈ ದೂರನ್ನು ಪೂರ್ತಿ ನೋಡುಗನ ಮೇಲೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ.

ಆದರೂ ಅದು ಕಣ್ಣಿನ ದೂರು. ಮನಸ್ಸಿನ ದೂರು ಬಂದದ್ದು ಮೇ 12ರ ‘ದಿ ಬೆಲ್ಸ್’ ಕಂತಿಗೆ. ಎಂಟು ಸೀಸನ್ ನಾವು ಜೊತೆಜೊತೆಗೇ ನಡೆದು ಬಂದ ಡೆನೇರಿಸ್, ಗುಲಾಮರ ಸಂಕೋಲೆ ಕಡಿದವಳು, ರಾಜಧಾನಿಯ ಗೋಡೆಯ ಮೇಲೆ ಡ್ರ್ಯಾಗನ್ ಏರಿ ಕೂತಿದ್ದಾಳೆ. ನಗರ ಸೋತಿದೆ, ಶರಣಾಗತಿಯ ಗಂಟೆ ಬಾರಿಸುತ್ತಿದೆ. ಯುದ್ಧ ಮುಗಿಯಿತು. ಆಗ ಅವಳ ಮುಖ ತಿರುಚಿಕೊಳ್ಳುತ್ತದೆ. ಮೇಲೆ ಹಾರಿ ಬೀದಿ ಬೀದಿಯನ್ನು, ತಾಯಿ ಮಕ್ಕಳನ್ನು ಸುಡತೊಡಗುತ್ತಾಳೆ. ಅಷ್ಟರಲ್ಲಿ ಅಮೆರಿಕದಲ್ಲಿ ನೂರಾರು ಹೆಣ್ಣುಮಕ್ಕಳಿಗೆ ‘ಖಲೀಸಿ’ ಎಂದು ಅವಳ ಬಿರುದನ್ನೇ ಹೆಸರಿಟ್ಟಾಗಿತ್ತು. ಆ ಮಕ್ಕಳ ತಂದೆ ತಾಯಂದಿರ ಪಾಡು ಯೋಚಿಸಿ.

ಸುಳಿವು ಇರಲಿಲ್ಲವೇ ಎಂದರೆ, ಇತ್ತು. ಮೀರೀನ್ ನಗರದಲ್ಲಿ 163 ಒಡೆಯರನ್ನು ಕಂಬಕ್ಕೆ ಜಡಿಸಿದಳು. ಮಂಡಿಯೂರಲೊಪ್ಪದ ಟಾರ್ಲಿ ತಂದೆ ಮಗನನ್ನು ಸುಟ್ಟಳು. ನಗರವನ್ನೇ ಸುಡಲು ಹೊರಟಿದ್ದ ಹುಚ್ಚು ರಾಜನ ಮಗಳು ಅವಳು. ಹಿಂದಿನ ಎರಡು ಕಂತುಗಳಲ್ಲಿ ನಂಬಿಕಸ್ತ ಯೋಧ ಜೋರಾ, ಆಪ್ತ ಗೆಳತಿ ಮಿಸಾಂಡೆ, ಎರಡನೇ ಡ್ರ್ಯಾಗನ್ ಎಲ್ಲವನ್ನೂ ಕಳೆದುಕೊಂಡಿದ್ದಾಳೆ. ಆದ್ದರಿಂದ ಅವಳು ಅಲ್ಲಿಗೆ ತಲುಪಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ತಕರಾರು ದಾರಿಯದು. ಮೊದಲ ಆರು ಸೀಸನ್‌ಗಳಿಗೆ ಹತ್ತು ಹತ್ತು ಕಂತುಗಳಿದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಆಧಾರವಾಗಿದ್ದ ಕಾದಂಬರಿಯ ಐದನೇ ಸಂಪುಟ 2011ರಲ್ಲಿ ಬಂದದ್ದೇ ಕೊನೆ, ಮುಂದಿನದು ಬರಲೇ ಇಲ್ಲ. ಒಬ್ಬ ಮನುಷ್ಯಳು ಒಳಗೇ ಮುರಿಯುವುದನ್ನು ತೋರಿಸಲು ಸಮಯ ಬೇಕು. ರಾಬ್ ಒಂದು ಮಾತು ಮುರಿದದ್ದಕ್ಕೆ ಕಥೆ ಎರಡು ಸೀಸನ್ ಲೆಕ್ಕ ಇಟ್ಟಿತು. ಡೆನೇರಿಸ್ ಒಂದು ಊರನ್ನೇ ಸುಡುವುದಕ್ಕೆ ಎರಡು ಕಂತುಗಳ ಲೆಕ್ಕ ಸಾಲುವುದಿಲ್ಲ. ಗಂಟೆಗೂ ಬೆಂಕಿಗೂ ನಡುವೆ ಅವಳ ತಲೆಯಲ್ಲಿ ಏನು ನಡೆಯಿತೆಂಬುದನ್ನು ನಾವು ಒಂದು ಮುಖಭಾವದಿಂದ ಊಹಿಸಬೇಕು. ಎಮಿಲಿಯಾ ಕ್ಲಾರ್ಕ್ ಎಷ್ಟು ಚೆನ್ನಾಗಿ ನಟಿಸಿದರೂ ಬರವಣಿಗೆ ಮಾಡಬೇಕಾದ ಕೆಲಸವನ್ನು ಒಂದು ಮುಖ ಹೊರಲಾರದು. ಕೆಂಪು ಮದುವೆಯ ನೋಡುಗ ‘ಅಯ್ಯೋ, ಇವರಿಗೆ ಹೀಗಾಯಿತಲ್ಲ’ ಎಂದು ಅತ್ತ. ‘ದಿ ಬೆಲ್ಸ್’ ನೋಡಿದವನು ‘ಇವಳನ್ನು ಹೀಗೆ ಮಾಡಿಬಿಟ್ಟಿರಲ್ಲ’ ಎಂದು ಬರೆದವರನ್ನು ಕೇಳಿದ.

ಆ ಪ್ರಶ್ನೆ ಕೇಳುವ ಹಕ್ಕು ಅವನಿಗೆ ಪೂರ್ತಿ ಇದೆ. ಆದರೆ ಅಲ್ಲಿಗೆ ನಿಲ್ಲದೆ, ಬೇರೆ ಬರಹಗಾರರಿಂದ ಇಡೀ ಎಂಟನೇ ಸೀಸನ್ ಮತ್ತೆ ಮಾಡಿಸಿ ಎಂಬ ಆನ್‌ಲೈನ್ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಇಲ್ಲಿ ನಾನು ಅಭಿಮಾನಿಗಳ ಜೊತೆಗಿಲ್ಲ. ಕಥೆ ಕೆಟ್ಟಿದೆ ಎನ್ನಿ, ಏಕೆ ಕೆಟ್ಟಿತೆಂದು ನೂರು ಪುಟ ಬರೆಯಿರಿ. ಸಹಿ ಹಾಕಿ ಬದಲಾಯಿಸಬಹುದಾದ ಕಥೆ ಯಾರನ್ನೂ ಅಳಿಸಲಾರದು. 2013ರಲ್ಲೇ ಇಂಥ ಸಹಿಗಳಿಗೆ ಬೆಲೆ ಸಿಕ್ಕಿದ್ದರೆ ರಾಬ್ ಸ್ಟಾರ್ಕ್ ಬದುಕಿರುತ್ತಿದ್ದ, ಆ ಕಂತಿನ ಬಗ್ಗೆ ನಾವು ಇವತ್ತು ಇಲ್ಲಿ ಮಾತಾಡುತ್ತಲೂ ಇರಲಿಲ್ಲ.

ಅದೇ ಅಭಿಮಾನಿಗಳ ಇನ್ನೊಂದು ಕೆಲಸವನ್ನೂ ಹೇಳಲೇಬೇಕು, ಇದು ಸುದ್ದಿಯಲ್ಲಿ ಅಷ್ಟು ಓಡಾಡಲಿಲ್ಲ. ಎಮಿಲಿಯಾ ಕ್ಲಾರ್ಕ್‌ಗೆ ಮೊದಲ ಸೀಸನ್ ಮುಗಿದ ಹೊತ್ತಿಗೆ, 2011ರಲ್ಲಿ, ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. 2013ರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. ಆಕೆ ಅದನ್ನು ಲೋಕಕ್ಕೆ ಹೇಳಿದ್ದು 2019ರ ಮಾರ್ಚಿನಲ್ಲಿ, ಮಿದುಳಿಗೆ ಪೆಟ್ಟಾದವರ ಚೇತರಿಕೆಗಾಗಿ ‘ಸೇಮ್‌ಯು’ ಎಂಬ ಸಂಸ್ಥೆಯನ್ನು ಜನರ ಮುಂದಿಟ್ಟಾಗ. ಕೊನೆಯ ಸೀಸನ್ನನ್ನು ಎಲ್ಲರಿಗಿಂತ ಹೆಚ್ಚು ಹಳಿದ ಅಭಿಮಾನಿಗಳ ಗುಂಪೇ ಆ ಸಂಸ್ಥೆಗಾಗಿ ಹಣ ಕೂಡಿಸಿತು, ಆಕೆ ವಿಡಿಯೊ ಮಾಡಿ ಕೃತಜ್ಞತೆ ಹೇಳಿದರು. ಬರವಣಿಗೆಯ ಮೇಲಿನ ಸಿಟ್ಟನ್ನು ನಟಿಯ ಮೇಲೆ ತೀರಿಸಿಕೊಳ್ಳದ ಆ ಅಭಿಮಾನಿಗಳ ಬಗ್ಗೆ ನನಗೆ ಬಹಳ ಗೌರವವಿದೆ. ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಕೆಟ್ಟ ಅತ್ತೆಯ ಪಾತ್ರ ಮಾಡುವವರಿಗೆ ಪೇಟೆಯಲ್ಲಿ ಎದುರು ಸಿಕ್ಕಾಗ ಬೈದವರು ಇದನ್ನು ಗಮನಿಸಬೇಕು.

ಡೆನೇರಿಸ್ ವಿಷಯದಲ್ಲಿ ನನ್ನ ಮಾತನ್ನು ಒಪ್ಪದವರು ಈ ಸಭೆಯಲ್ಲಿ ಖಂಡಿತ ಇದ್ದೀರಿ, ನಾನು ಮಾತಾಡುವಾಗಲೇ ಹಿಂದಿನ ಸಾಲಿನಲ್ಲಿ ತಲೆ ಅಲ್ಲಾಡುತ್ತಿತ್ತು. ದಯವಿಟ್ಟು ಮೈಕನ್ನು ಮೊದಲು ಅವರ ಕೈಗೇ ಕೊಡಿ.