ಬುಟ್ಟಿ ತುಂಬಿತು, ಮೀನಿನ ಹೊಟ್ಟೆ?

ನಮಸ್ಕಾರ. ಕೆಆರ್‌ಎಸ್ ಇವತ್ತು ಎಷ್ಟು ಅಡಿ ಅಂತ ಪೇಪರ್‌ನಲ್ಲಿ ನೋಡಿದ ಮೇಲೇ ಕಾಫಿ ಕುಡಿಯೋ ಮನೆಯಲ್ಲಿ ಬೆಳೆದವನು ನಾನು. ಅಮೆರಿಕದ ಸೌತ್ ಡಕೋಟಾಕ್ಕೆ ಬಂದರೂ ಆ ಚಾಳಿ ಹೋಗಿಲ್ಲ. ಈಗ ನೋಡೋದು ಮಿಸೌರಿ ನದಿಯ ಓವಾಹಿ ಜಲಾಶಯದ ಮಟ್ಟ. ಕೆಆರ್‌ಎಸ್‌ನಲ್ಲಿ 124.80 ಅಡಿ ಅಂದರೆ ಭರ್ತಿ. ಇಲ್ಲಿ ಲೆಕ್ಕ ಸಮುದ್ರಮಟ್ಟದಿಂದ, 1,607 ಅಡಿ ಆಸುಪಾಸಿನಲ್ಲಿದ್ದರೆ ಎಲ್ಲರಿಗೂ ನೆಮ್ಮದಿ. ಪಿಯರ್ ಊರಿನ ಅಣೆಕಟ್ಟಿನಿಂದ ಬಿಸ್ಮಾರ್ಕ್ ಊರಿನ ಕಡೆಗೆ 231 ಮೈಲಿ ಹಿನ್ನೀರು!

ಇಲ್ಲಿ ಗಾಳ ಹಾಕುವವರು ಕೇಳೋದು ಒಂದೇ ಪ್ರಶ್ನೆ: ನೀರು ಏರ್ತಿದೆಯೋ, ಇಳೀತಿದೆಯೋ? ಏರಿದರೆ ವಾಲ್‌ಐ ಮೀನು ಮುಳುಗಿದ ಹುಲ್ಲು, ಪೊದೆ ಹುಡುಕಿಕೊಂಡು ದಡಕ್ಕೆ ಬರುತ್ತೆ. ಇಳಿದರೆ ಆಳಕ್ಕೆ ಸರಿಯುತ್ತೆ. ಶನಿವಾರ ಮಧ್ಯಾಹ್ನದ ಶಿಕಾರಿಗೆ ಇಷ್ಟು ಸಾಕು. ನನ್ನ ತಕರಾರು ಬೇರೆ. ಮೀನು ದಂಡಿಯಾಗಿ ಸಿಕ್ತಿದೆ, ಅದಕ್ಕೇ ಜಲಾಶಯ ಚೆನ್ನಾಗಿದೆ ಅಂತೀವಲ್ಲ, ಆ ಲೆಕ್ಕವೇ ತಪ್ಪು.

2011 ತಗೊಳ್ಳಿ. ಬೆಟ್ಟದ ಹಿಮ, ವಸಂತದ ಮಳೆ ಎರಡೂ ಒಟ್ಟಿಗೆ ಇಳಿದವು. ಓವಾಹಿಯ ಹೊರಹರಿವು 1.6 ಲಕ್ಷ ಕ್ಯೂಸೆಕ್ ಮುಟ್ಟಿತು. ನೀರಿನ ಜೊತೆ ಸ್ಮೆಲ್ಟ್ ಕೂಡ ಕೊಚ್ಚಿಹೋಯಿತು. ಸ್ಮೆಲ್ಟ್ ಅಂದರೆ ಬೆಳ್ಳಿ ಬಣ್ಣದ ಪುಟ್ಟ ಮೀನು, ವಾಲ್‌ಐಗೆ ಅದೇ ಅನ್ನ. ತಣ್ಣೀರು ಬೇಕು ಅದಕ್ಕೆ, ಹಾಗಾಗಿ ಬೇಸಿಗೆಯಲ್ಲಿ ಆಳದಲ್ಲಿರುತ್ತೆ. ಅಣೆಕಟ್ಟು ನೀರೆಳೆಯೋ ಬಾಯಿಯೂ ಆಳದಲ್ಲೇ ಇದೆ.

ಆಮೇಲೆ ಏನಾಯ್ತು? ಗಾಳಕ್ಕೆ ಮೀನು ಮುಗಿಬಿದ್ದವು! ದೋಣಿಗಳಲ್ಲಿ ಹಬ್ಬ. ನಾನು ಮನೆಗೆ ತಂದು ಒಂದನ್ನು ಕೊಯ್ದೆ. ಉದ್ದಕ್ಕೇನೂ ಕಮ್ಮಿಯಿಲ್ಲ, ತಲೆಯೂ ದೊಡ್ಡದು, ಹೊಟ್ಟೆ ಮಾತ್ರ ಬೆನ್ನಿಗಂಟಿದೆ. ಕರುಳೊಳಗೆ ನೀರುಹುಳದ ಎರಡು ಮರಿ ಬಿಟ್ಟರೆ ಏನೂ ಇಲ್ಲ. ಸಾರಿಗೆ ಹಾಕಿದರೆ ಮುಳ್ಳೇ ಜಾಸ್ತಿ. ನನ್ನ ಕೈಚಳಕ ಅಂದುಕೊಂಡಿದ್ದು ಅದರ ಹಸಿವಾಗಿತ್ತು.

ನೀರು ತೀರಾ ಇಳಿದರೂ ಏಟು ಬೀಳೋದು ಸ್ಮೆಲ್ಟ್‌ಗೇ. 2006ರ ಬರದಲ್ಲಿ ಮಟ್ಟ 1,570 ಅಡಿಗೆ ಬಂದಿತ್ತು. ದೋಣಿ ಇಳಿಸೋ ಕಾಂಕ್ರೀಟ್ ಇಳಿಜಾರು ನೀರು ಮುಟ್ಟುವ ಮೊದಲೇ ಮುಗಿದು, ಮುಂದೆ ಬರೀ ಕೆಸರು. ತಳದ ತಣ್ಣೀರೂ ಕರಗಿತು. ಆದರೆ ಅದೇ ಬಯಲಾದ ನೆಲದಲ್ಲಿ ಹುಲ್ಲು, ಗಿಡಗಂಟಿ ಎದ್ದಿತು. ಕೆಲವು ವರ್ಷದ ಮೇಲೆ ನೀರು ಮತ್ತೆ ಏರಿ ಅದನ್ನು ಮುಳುಗಿಸಿದಾಗ, ಕೊಳೆತದ್ದೆಲ್ಲ ಗೊಬ್ಬರ, ಪೊದೆಗಳೆಲ್ಲ ಮರಿಮೀನಿನ ತೊಟ್ಟಿಲು. ಬರ ಬಂತು ಅಂತ ಬಾಯಿ ಬಡಿದುಕೊಳ್ಳೋರಿಗೆ ಇದನ್ನು ಹೇಳಿ ನೋಡಿ, ಹೊಡೆಯೋಕೇ ಬರ್ತಾರೆ.

ನಿಜಕ್ಕೂ ಕಣ್ಣಿಡಬೇಕಾದದ್ದು ಏಪ್ರಿಲ್ ಮೇಲೆ. ಮಂಜುಗಡ್ಡೆ ಒಡೆದ ಕೂಡಲೇ ಸ್ಮೆಲ್ಟ್ ಪಾದ ಮುಳುಗುವಷ್ಟು ನೀರಿನಲ್ಲಿ, ದಡದ ಕಲ್ಲಿನ ಮೇಲೆ ಮೊಟ್ಟೆ ಇಡುತ್ತೆ. ಆ ಎರಡು ಮೂರು ವಾರದಲ್ಲಿ ಮಟ್ಟ ಒಂದಡಿ ಇಳಿದರೆ ಮೊಟ್ಟೆ ಬಿಸಿಲಿಗೆ. ಅಣೆಕಟ್ಟು ನಡೆಸೋ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ಗೂ ಇದು ಗೊತ್ತು. ಒಳಹರಿವು ಸಾಕಷ್ಟಿದ್ದ ವರ್ಷ ವಸಂತದಲ್ಲಿ ಮಟ್ಟ ಇಳಿಯದಂತೆ ನೋಡ್ಕೊಳ್ಳೋಕೆ ಪ್ರಯತ್ನಪಡ್ತಾರೆ. ಆದರೆ ಪ್ರವಾಹ, ವಿದ್ಯುತ್, ಕೆಳಗಿನ ಹಡಗುಸಂಚಾರ, ನೀರಾವರಿ ಅಂತ ಎಂಟು ಉದ್ದೇಶಗಳ ಸಾಲಿನಲ್ಲಿ ಮೀನೂ ಒಂದು. ಸಾಲಿನಲ್ಲಿ ಎಷ್ಟನೆಯದು ಅಂತ ಬರದ ವರ್ಷ ಗೊತ್ತಾಗುತ್ತೆ.

ಈ ಭಾನುವಾರ ಹೋಗ್ತಿದ್ದೀನಿ. ಎಷ್ಟು ಸಿಕ್ಕಿತು ಅಂತ ಕೇಳಿ ಮೆಸೇಜ್ ಮಾಡಬೇಡಿ. ಮೊದಲನೇದನ್ನು ಕೊಯ್ದು ಒಳಗೇನಿತ್ತು ಅಂತ ನಾನೇ ಹೇಳ್ತೀನಿ.